ಕಾವಲು ಕೋವಿಗೆ ಲಕ್ಷದ ದುರ್ಬೀನು ಬೇಕೆ?

ಕಡ್ಲೆಕಾಯಿ ಬಲಿಯೋ ಹೊತ್ತಿಗೆ ಸರಿಯಾಗಿ ಕಾಡುಹಂದಿ ಬರುತ್ತವೆ. ಒಂದು ತಾಯಿ, ಹಿಂದೆ ಎಂಟು ಹತ್ತು ಮರಿ. ಒಂದೇ ರಾತ್ರಿಯಲ್ಲಿ ಕಾಲೆಕರೆ ಉತ್ತ ಹಾಗೆ ಮಾಡಿ ಹೋಗುತ್ತವೆ. ನಮ್ಮ ಸಿರಾ ಸೀಮೆಯ ಬೆದ್ದಲಿನಲ್ಲಿ ಮಳೆ ಕೈಕೊಟ್ಟು ಉಳಿದಿದ್ದೇ ಸ್ವಲ್ಪ, ಅದರಲ್ಲೂ ಹಂದಿಯ ಪಾಲು ಅಂದರೆ ಯಾವನಿಗಾದರೂ ಹೊಟ್ಟೆ ಉರಿಯುತ್ತೆ. ಬೆಳೆ ರಕ್ಷಣೆಗೆ ಲೈಸೆನ್ಸು ಇರುವ ನಾಡಕೋವಿ ನಮ್ಮ ಸುತ್ತಮುತ್ತ ಕೆಲವರ ಹತ್ತಿರ ಇವೆ. ಈಚೆಗೆ ಹುಡುಗರು ಮೊಬೈಲಿನಲ್ಲಿ ಪರದೇಶದ ಶಿಕಾರಿ ಚಿತ್ರ ನೋಡಿ, ಕೋವಿ ಮೇಲೆ ಕೂರಿಸೋ ದುರ್ಬೀನು, ಅದೇ ಸ್ಕೋಪು, ಹಾಕಿಸಿಬಿಟ್ಟರೆ ಕತ್ತಲಲ್ಲೂ ಹಂದಿ ತಪ್ಪಿಸಿಕೊಳ್ಳಲ್ಲ ಅಂತ ಮಾತಾಡುತ್ತಿದ್ದಾರೆ. ನಾಲ್ಕು ಮನೆಯವರು ಸೇರಿ ದುಡ್ಡು ಹಾಕೋಣ ಅನ್ನುವ ತನಕ ಮಾತು ಬೆಳೆದಿದೆ. ಹಾಗಾಗಿ ಆ ಸಾಮಾನಿನ ಗುಣಾವಗುಣ ತಿಳಿದಷ್ಟು ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲೂ ಹಂದಿ ಕಾಟ ಇದೆ, ನಮಗಿಂತ ಜಾಸ್ತಿಯೇ. ಮೊದಲು ಯುರೋಪಿನವರು ತಂದು ಬಿಟ್ಟ ಸಾಕು ಹಂದಿ, ಆಮೇಲೆ ಶಿಕಾರಿಗೆಂದು ತಂದ ಕಾಡುಹಂದಿ, ಎರಡೂ ಬೆರೆತು ಬೆಳೆದ ಸಂತಾನ ಅದು. 2019ರ ಸೆಪ್ಟೆಂಬರಿನಿಂದ ಅಲ್ಲಿ ಖಾಸಗಿ ಜಮೀನಿನಲ್ಲಿ, ಮಾಲೀಕ ಒಪ್ಪಿದರೆ, ಇಂಥ ಹಂದಿ ಹೊಡೆಯಲು ಬೇಟೆ ಲೈಸೆನ್ಸು ಕೂಡ ಬೇಕಿಲ್ಲ. ಸ್ಕೋಪಿನ ನಿಜವಾದ ಜಾಗ ಅದು. ಬಯಲು ಸೀಮೆ, ನೂರಾರು ಎಕರೆಯ ಹೊಲ, ಒಂದೇ ಗುಂಡು ಹಾರಿಸೋ ರೈಫಲ್ಲು. ಊರಿಗೆ ಬಂದಾಗ ಅವನು, "ಮಾವ, ಸ್ಕೋಪು ಬೇಕಾದರೆ ವಿಚಾರಿಸ್ತೀನಿ. ಆದರೆ ಅದರ ತಾಪತ್ರಯ ಕೇಳಿದ ಮೇಲೆ ನೀವೇ ಬೇಡ ಅಂತೀರಿ" ಅಂದ. ಒಂದು ಮಧ್ಯಾಹ್ನ ಪೂರ್ತಿ ಕೂರಿಸಿಕೊಂಡು ಕೇಳಿದೆ.

ಮೊದಲು ನಮ್ಮ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಶಿಕಾರಿ ನಿಷಿದ್ಧ. ಬೆಳೆ ಹಾಳು ಮಾಡುವ ಪ್ರಾಣಿ ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಅಧಿಕಾರವುಳ್ಳ ಅಧಿಕಾರಿಯಿಂದ ಬರಹದ ಅಪ್ಪಣೆ ಬೇಕು. ಕೋವಿ ಲೈಸೆನ್ಸು ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯುವ ಅಪ್ಪಣೆ ಇದ್ದಂಗಲ್ಲ, ಇವೆರಡೂ ಬೇರೆ ಬೇರೆ ಕಾಗದ. ಕೃಷ್ಣಮೃಗ, ನವಿಲು ಒಂದನೇ ಪಟ್ಟಿಯಲ್ಲಿವೆ, ಅವುಗಳ ಮಾತೇ ಎತ್ತುವ ಹಾಗಿಲ್ಲ. ಕೋವಿಗೆ ಏನೇ ಜೋಡಿಸುವ ಮುಂಚೆ ಲೈಸೆನ್ಸು ಕೊಟ್ಟ ಕಚೇರಿಯಲ್ಲಿ ಬರಹದಲ್ಲೇ ಕೇಳುವುದು ಒಳ್ಳೇದು. ಅಂಗಡಿಯವನು ಪರವಾಗಿಲ್ಲ ಅಂದ ಅನ್ನೋದು ಠಾಣೆಯಲ್ಲಿ ನಡೆಯಲ್ಲ.

ಇನ್ನು ಬೆಲೆ. ಅಲ್ಲಿ ಸಾಧಾರಣ ಸ್ಕೋಪು ಇನ್ನೂರು ಮುನ್ನೂರು ಡಾಲರಿಗೆ ಸಿಗುತ್ತೆ. ಮೇಲ್ದರ್ಜೆಯದು ಎರಡು ಮೂರು ಸಾವಿರ ಡಾಲರು. ಮೂರು ಸಾವಿರ ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿ ದಾಟಿತು. ಒಂದು ಕೊಳವೆಬಾವಿ ಕೊರೆಸಿ ಮೋಟಾರು ಇಳಿಸೋ ದುಡ್ಡು. ಅಷ್ಟು ಕೊಟ್ಟರೆ ಸಿಗೋದೇನು ಅಂದರೆ ಬಹಳ ಮಟ್ಟಿಗೆ ಗಾಜು ಮತ್ತು ಗಾಜಿನ ಮೇಲಿನ ಲೇಪ. ಬರೀ ಗಾಜಿನ ಒಂದೊಂದು ಮುಖದಲ್ಲೂ ನೂರಕ್ಕೆ ನಾಲ್ಕು ಪಾಲು ಬೆಳಕು ಹಿಂದಕ್ಕೆ ಹೊಳೆದು ನಷ್ಟವಾಗುತ್ತೆ. ಸ್ಕೋಪಿನೊಳಗೆ ಹತ್ತಾರು ಮುಖ ಇರುವುದರಿಂದ ನಷ್ಟ ಕೂಡುತ್ತಾ ಹೋಗುತ್ತೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಸ್ಮಕುಲ ಎನ್ನುವವರು ತೆಳುವಾದ ಲೇಪ ಹಾಕಿ ಈ ನಷ್ಟ ತಡೆಯುವ ದಾರಿ ಕಂಡುಹಿಡಿದರು. ಆಗ ಅದು ಗುಟ್ಟಿನ ವಿದ್ಯೆ. ಈಗ ಮಧ್ಯಮ ಬೆಲೆಯ ಸಾಮಾನಿನಲ್ಲೂ ಒಳ್ಳೆ ಲೇಪ ಬರುತ್ತೆ. ಹಾಗಾಗಿ ಮೊದಲ ಇಪ್ಪತ್ತು ಸಾವಿರ ರೂಪಾಯಿಗೆ ಸಿಗುವ ಸುಧಾರಣೆ ಕಣ್ಣಿಗೆ ಕಾಣುತ್ತೆ, ಕೊನೆಯ ಒಂದು ಲಕ್ಷಕ್ಕೆ ಸಿಗೋದು ಪಳಗಿದವರಿಗೆ ಮಾತ್ರ ಕಂಡೀತು.

ಕತ್ತಲಲ್ಲಿ ಕಾಣುವುದಕ್ಕೆ ಒಂದು ಸಣ್ಣ ಭಾಗಾಕಾರ ಇದೆ. ಸ್ಕೋಪಿಗಾಗಲಿ ಕೈ ದುರ್ಬೀನಿಗಾಗಲಿ ಎರಡು ಅಂಕಿ ಇರುತ್ತವೆ. 8 ಗುಣಿಲೆ 42 ಅಂದರೆ ಎಂಟು ಪಟ್ಟು ಹತ್ತಿರ ತೋರುತ್ತೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ನಲವತ್ತೆರಡನ್ನು ಎಂಟರಿಂದ ಭಾಗಿಸಿ, ಐದೂಕಾಲು ಬರುತ್ತೆ. ಅಷ್ಟು ಮಿಲಿಮೀಟರ್ ದಪ್ಪದ ಬೆಳಕಿನ ಕಡ್ಡಿ ನಿಮ್ಮ ಕಣ್ಣಿಗೆ ಬರುತ್ತೆ ಅಂತ ಅರ್ಥ. ಕೈ ಚಾಚಿ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಕಣ್ಣಿಡುವ ಗಾಜಿನಲ್ಲಿ ಆ ಬೆಳಕಿನ ಬಿಲ್ಲೆ ನಿಮಗೇ ಕಾಣುತ್ತೆ. ಕತ್ತಲಲ್ಲಿ ಹರೆಯದವರ ಕಣ್ಣಪಾಪೆ ಏಳು ಮಿಲಿಮೀಟರ್ ತನಕ ಅಗಲವಾಗುತ್ತೆ. ವಯಸ್ಸಾದಂತೆ ಅದು ಕುಗ್ಗುತ್ತಾ ಬಂದು, ಐವತ್ತು ದಾಟಿದ ನನ್ನಂಥವರಿಗೆ ಐದರ ಆಸುಪಾಸು ನಿಲ್ಲುತ್ತೆ. ಏಳರ ಬೆಳಕು ತರುವ ಭಾರಿ ಸಾಮಾನು ಕೊಂಡರೂ ಎರಡು ಮಿಲಿಮೀಟರ್ ಬೆಳಕು ಪಾಪೆಯ ಆಚೆ ಚೆಲ್ಲಿ ಹೋಗುತ್ತೆ. ಕೊಡದ ಬಾಯಿ ಸಣ್ಣದಿದ್ದರೆ ಕೊಳಾಯಿ ದಪ್ಪ ಇದ್ದು ಏನು ಬಂತು?

ಮೇಲ್ದರ್ಜೆ ಸ್ಕೋಪುಗಳಲ್ಲಿ 5ರಿಂದ 25 ಪಟ್ಟು, ಮುಂದಿನ ಗಾಜು 56 ಅನ್ನುವಂಥವು ಜನ ಆಸೆ ಪಡುವ ಮಾಲು. ಇಪ್ಪತ್ತೈದು ಪಟ್ಟಿಗೆ ತಿರುಗಿಸಿದಾಗ ಆ ಬೆಳಕಿನ ಕಡ್ಡಿ ಬರೀ ಎರಡೂಕಾಲು ಮಿಲಿಮೀಟರ್. ಮುಸ್ಸಂಜೆಗೆ ಎಲ್ಲಾ ಮಬ್ಬು. ಜೊತೆಗೆ ನೂರು ಮೀಟರ್ ದೂರದಲ್ಲಿ ಕಾಣುವ ಅಗಲ ಒಂದೂವರೆ ಮೀಟರ್ ಆಸುಪಾಸು, ಅಂದರೆ ಒಂದು ಹಂದಿ ಕಂಡರೆ ಪಕ್ಕದ ಮರಿ ಕಾಣಲ್ಲ, ಹಿಂದೆ ಯಾರಾದರೂ ಬರುತ್ತಿದ್ದರೂ ಕಾಣಲ್ಲ. ಕೈಯ ನಡುಕವೂ ಇಪ್ಪತ್ತೈದು ಪಟ್ಟು. ಹಗಲಲ್ಲಿ ಬಿಸಿಲು ಝಳಕ್ಕೆ ಚಿತ್ರವೆಲ್ಲ ನೀರಿನಂತೆ ಅಲ್ಲಾಡುತ್ತೆ. ಅಲ್ಲಿನ ಬೇಟೆಗಾರರೇ ಬಹುತೇಕ ಹೊತ್ತು ಐದಾರು ಪಟ್ಟಿನಲ್ಲೇ ಇಟ್ಟಿರುತ್ತಾರಂತೆ. ಮಿಕ್ಕಿದ್ದಕ್ಕೆ ಕೊಟ್ಟ ದುಡ್ಡು ದಂಡ.

ಒಳಗಿನ ಗುರಿಗೆರೆಯದೂ ಒಂದು ತಕರಾರು. ದುಬಾರಿ ಸ್ಕೋಪುಗಳಲ್ಲಿ ಗೆರೆಯನ್ನು ಮುಂದಿನ ತಾಣದಲ್ಲಿ ಕೂರಿಸಿರುತ್ತಾರೆ. ಪಟ್ಟು ಹೆಚ್ಚಿಸಿದಂತೆ ಗೆರೆಯೂ ದಪ್ಪವಾಗುತ್ತೆ, ಇಳಿಸಿದರೆ ತೆಳ್ಳಗಾಗುತ್ತೆ. ದೂರದ ಲೆಕ್ಕ ಹಾಕುವವರಿಗೆ ಇದು ಅನುಕೂಲ. ಆದರೆ ಕತ್ತಲಲ್ಲಿ, ಪೊದೆಯ ಮುಂದೆ, ಕಡಿಮೆ ಪಟ್ಟಿನಲ್ಲಿ ನೋಡುವಾಗ ಕೂದಲಿನಷ್ಟು ತೆಳುವಾಗಿ ಮಾಯವೇ ಆಗುತ್ತೆ. ಹಂದಿ ಬರೋದು ಆ ಹೊತ್ತಿಗೇ. ಅದಕ್ಕೆಂದು ಕೆಂಪು ದೀಪದ ಗೆರೆ ಇರುವುದು ಕೊಳ್ಳಬೇಕು, ಅದಕ್ಕೆ ಗುಂಡಿಯಂಥ ಬ್ಯಾಟರಿ ಬೇಕು, ಬೇಕಾದ ದಿನ ಅದು ಸತ್ತಿರುತ್ತೆ.

ತೂಕ ಹೇಳದೆ ಬಿಡುವ ಹಾಗಿಲ್ಲ. ಇಂಥ ಸ್ಕೋಪು ಒಂದು ಕಿಲೋ ಆಸುಪಾಸು ತೂಗುತ್ತೆ, ಸಾಧಾರಣದ್ದು ಅರ್ಧ ಕಿಲೋ ಒಳಗೆ. ಕೋವಿಯ ತಲೆಮೇಲೆ ಒಂದು ಕಿಲೋ ಕೂತರೆ ತೋಲ ತಪ್ಪುತ್ತೆ. ಕೊಳವೆ 30 ಮಿಲಿಮೀಟರೋ 34 ಮಿಲಿಮೀಟರೋ ನೋಡಿ ಅದಕ್ಕೆ ತಕ್ಕ ಉಂಗುರ, ಪಟ್ಟಿ ಬೇರೆ ಕೊಳ್ಳಬೇಕು. ಕೋವಿ ಹಿಂದಕ್ಕೆ ಒದೆಯುವಾಗ ಕಣ್ಣು ಗಾಜಿಗೆ ಹತ್ತಿರ ಇದ್ದರೆ ಹುಬ್ಬು ಒಡೆದು ರಕ್ತ ಬರುತ್ತೆ. ಸುಮಾರು ಒಂಬತ್ತು ಸೆಂಟಿಮೀಟರ್ ಅಂತರ ಇರಬೇಕಂತೆ. ಕತ್ತಲಲ್ಲಿ ಅಟ್ಟಣೆ ಮೇಲೆ ಬಗ್ಗಿ ಕೂತವನಿಗೆ ಈ ಅಳತೆ ಯಾರು ಹಿಡಿಯುತ್ತಾರೆ?

ನಮ್ಮ ನಾಡಕೋವಿಗೆ ಬರೋಣ. ಇದು ಬಾಯಿಂದ ಮದ್ದು ತುಂಬುವ ಕೋವಿ, ನಳಿಗೆಯೊಳಗೆ ರೈಫಲ್ಲಿನ ಹಾಗೆ ಸುರುಳಿ ಗೀರಿಲ್ಲ. ಚರೆ ಹೊರಬಿದ್ದ ಮೇಲೆ ಹರಡಿಕೊಳ್ಳುತ್ತೆ. ಮೂವತ್ತು ನಲವತ್ತು ಮೀಟರಿನ ಆಚೆ ಅದರ ಮೇಲೆ ಭರವಸೆ ಇಲ್ಲ. ಸ್ಕೋಪಿನ ತಿರುಪು ಒಂದು ಹಲ್ಲು ತಿರುಗಿಸಿದರೆ ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರ್ ಸರಿಯುತ್ತೆ ಅಂತ ಹೊಗಳುತ್ತಾರೆ. ಮೊರದಗಲ ಚೆಲ್ಲುವ ಚರೆಗೆ ಒಂದು ಸೆಂಟಿಮೀಟರಿನ ಲೆಕ್ಕ ಯಾತಕ್ಕೆ? ಅದನ್ನು ಕೂರಿಸಲು ನಳಿಗೆ ಮೇಲೆ ಜಾಗವೂ ಇಲ್ಲ. ತೂತು ಕೊರೆಯಬೇಕಾದರೆ ಲೈಸೆನ್ಸು ಇರುವ ಕೋವಿ ರಿಪೇರಿಯವರೇ ಆಗಬೇಕು. ಊರ ಕುಲುಮೆಯಲ್ಲಿ ಕೊರೆಸಿದರೆ ಕಾನೂನೂ ಮುರಿದಂಗೆ, ನಳಿಗೆಯೂ ಬಲ ಕಳಕೊಂಡು ಮುಖದ ಮುಂದೇ ಸಿಡಿಯಬಹುದು.

ಇಷ್ಟೆಲ್ಲ ಒಂದು ತೂಕವಾದರೆ, ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೇರೆ. ಸ್ಕೋಪು ಕೋವಿಗೆ ಅಂಟಿಕೊಂಡಿರುತ್ತೆ. ಅಲ್ಲೇನೋ ಅಲ್ಲಾಡಿತು ಅಂತ ಅದರಲ್ಲಿ ನೋಡಬೇಕಾದರೆ ನಳಿಗೆಯನ್ನು ಅತ್ತ ತಿರುಗಿಸಲೇಬೇಕು. ನೋಡುವುದೂ ಗುರಿಯಿಡುವುದೂ ಒಂದೇ ಆಗಿಹೋಗುತ್ತೆ. ಅಮೆರಿಕದಲ್ಲಿ ಬೇಟೆ ಕಲಿಸುವವರು ಸ್ಕೋಪನ್ನು ದುರ್ಬೀನಿನಂತೆ ಬಳಸಬೇಡಿ ಅಂತ ಮೊದಲೇ ಹೇಳಿಕೊಡುತ್ತಾರಂತೆ. ಅಲ್ಲಿ ರಾತ್ರಿ ಹೊಲದಲ್ಲಿ ಜನ ಇರುವುದು ಅಪರೂಪ. ನಮ್ಮಲ್ಲಿ? ತ್ರೀಫೇಸ್ ಕರೆಂಟು ಎಷ್ಟೋ ಸಲ ನಡುರಾತ್ರಿ ಬರುತ್ತೆ. ಎರಡು ಗಂಟೆಗೆ ಎದ್ದು ಮೋಟಾರು ಹಾಕಲು, ನೀರು ತಿರುವಲು ರೈತ ಹೊಲದಲ್ಲೇ ಓಡಾಡುತ್ತಿರುತ್ತಾನೆ. ಟಾರ್ಚಿನ ಸೆಲ್ಲು ಉಳಿಯಲಿ ಅಂತ ಆರಿಸಿಕೊಂಡು ನಡೆಯುವವರು ಇದ್ದಾರೆ. ಕಂಬಳಿ ಹೊದ್ದು ಮಡೆ ಕಟ್ಟಲು ಬಗ್ಗಿದ ಮನುಷ್ಯ ಕತ್ತಲಲ್ಲಿ ಥೇಟ್ ಹಂದಿಯ ಹಾಗೇ ಕಾಣುತ್ತಾನೆ. ಬೆಳಗಿನ ಜಾವ ಬಹಿರ್ದೆಸೆಗೆ ಬರುವವರು, ಕುರಿ ಮಂದೆ ತರುಬಿದವರು, ಎಲ್ಲರೂ ಅದೇ ಬಯಲಿನಲ್ಲಿ. ಸ್ಕೋಪಿನಲ್ಲಿ ನೋಡಿ ಇದು ಹಂದಿಯಲ್ಲ, ಪಕ್ಕದ ಹೊಲದ ಅಣ್ಣ ಅಂತ ಗೊತ್ತಾಗುವ ಹೊತ್ತಿಗೆ ಮದ್ದು ತುಂಬಿದ ಕೋವಿ ಅವನೆದೆಗೆ ನೆಟ್ಟಿರುತ್ತೆ. ಬೆರಳು ಕುದುರೆಯ ಮೇಲೆ. ಒಂದು ಮೂಟೆ ಕಡ್ಲೆಕಾಯಿ ಉಳಿಸಲು ಹೋಗಿ ಒಂದು ಮನೆ ದೀಪ ಆರಿಸೋ ಸಾಮಾನು ಇದು.

ನೋಡುವುದಕ್ಕೆ ಬೇರೆ, ಹೆದರಿಸುವುದಕ್ಕೆ ಬೇರೆ ಸಾಮಾನು ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ನೋಡಲು ಎರಡು ಕಣ್ಣಿನ ಕೈ ದುರ್ಬೀನು ಸಾಕು. 8 ಗುಣಿಲೆ 42 ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಅಳತೆ. 8 ಗುಣಿಲೆ 25 ಜೇಬಿಗೆ ಹಿಡಿಸುತ್ತೆ, ಆದರೆ ಬೆಳಕಿನ ಕಡ್ಡಿ ಮೂರು ಮಿಲಿಮೀಟರ್ ಅಷ್ಟೇ, ಸಂಜೆಗೆ ಕುರುಡು. ಬಾಗಿದ ಹೆಗಲಿನ ಹಳೇ ನಮೂನೆ ಮತ್ತು ನೆಟ್ಟಗಿನ ಕೊಳವೆಯ ಹೊಸ ನಮೂನೆ ಎರಡಿವೆ. ಸ್ವಲ್ಪ ದುಡ್ಡಿನಲ್ಲಿ ಕೊಳ್ಳುವುದಾದರೆ ಹಳೇ ನಮೂನೆಯಲ್ಲೇ ಚಿತ್ರ ಚೆನ್ನಾಗಿರುತ್ತೆ. ಕನ್ನಡಕ ಹಾಕುವವರು, ಕಣ್ಣು ಗಾಜಿನಿಂದ ಹದಿನೈದು ಮಿಲಿಮೀಟರಾದರೂ ದೂರ ಇದ್ದಾಗ ಪೂರ್ತಿ ಚಿತ್ರ ಕಾಣುತ್ತದಾ ಅಂತ ಕೇಳಿ ಕೊಳ್ಳಬೇಕು.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಆಗಲೇ ಹೇಳಿದ ಹಾಗೆ ಆಕಾಶಕ್ಕೆ ಹಿಡಿದು ಬೆಳಕಿನ ಬಿಲ್ಲೆ ನೋಡಿ. ಪೂರ್ತಿ ದುಂಡಗಿದ್ದರೆ ಒಳಗಿನ ಗಾಜು ಒಳ್ಳೆಯದು. ಅಂಚು ಬೂದಿ ಬಣ್ಣಕ್ಕೆ ತಿರುಗಿ ಚೌಕವಾಗಿ ಕಂಡರೆ ಅಗ್ಗದ ಗಾಜು. ಆಮೇಲೆ ದೂರದ ಕರೆಂಟು ಕಂಬ ನೋಡಿ. ಎರಡೂ ಕಣ್ಣಿನಲ್ಲಿ ಒಂದೇ ಕಂಬ ಕಾಣಬೇಕು. ಎರಡಾಗಿ ಬಿಟ್ಟರೆ, ಇಲ್ಲವೇ ಐದು ನಿಮಿಷಕ್ಕೆ ತಲೆ ಸಿಡಿದರೆ ವಾಪಸು ಕೊಡಿ, ಒಳಗಿನ ಗಾಜು ಓರೆಯಾಗಿದೆ.

ಬಿಸಿ ತೋರಿಸುವ ಥರ್ಮಲ್ ಯಂತ್ರ ಅಂತಲೂ ಈಗ ಬರುತ್ತೆ. ಪೂರ್ತಿ ಕತ್ತಲಲ್ಲೂ ಮೈಬಿಸಿ ಹಿಡಿದು ತೋರಿಸುತ್ತೆ. ಹೊಲದಲ್ಲಿ ಏನೋ ಇದೆ ಅನ್ನುವುದು ಗೊತ್ತಾಗುತ್ತೆ, ಏನಿದೆ ಅನ್ನುವುದು ದೂರದಿಂದ ಗೊತ್ತಾಗಲ್ಲ. ಕರು, ನಾಯಿ, ಹಂದಿ ಮೂರೂ ಬಿಳೀ ಮುದ್ದೆ. ಬಿಸಿಲಿಗೆ ಕಾದ ಬಂಡೆಯೂ ಮುಸ್ಸಂಜೆಗೆ ಹಾಗೇ ಹೊಳೆಯುತ್ತೆ. ದೂರದ ಮಾತಿರಲಿ, ಮನೆ ಕಿಟಕಿಯ ಗಾಜು ಹಾಕಿಕೊಂಡು ಹೊರಗೆ ನೋಡಿದರೆ ಏನೂ ಕಾಣಲ್ಲ, ಗಾಜಿನ ಮೂಲಕ ಆ ಬಿಸಿ ಹಾಯುವುದೇ ಇಲ್ಲ.

ಅಕ್ಕನ ಮಗ ತಾನು ಬಳಸಿ ಬಿಟ್ಟಿದ್ದ 8 ಗುಣಿಲೆ 42 ದುರ್ಬೀನು ಇಲ್ಲೇ ಕೊಟ್ಟು ಹೋದ. ಅಕ್ಕಪಕ್ಕದ ಐದು ಹೊಲದವರು ಸರದಿಯಲ್ಲಿ ಬಳಸುತ್ತೇವೆ. ಬೆಳದಿಂಗಳಿದ್ದರೆ ಅಟ್ಟಣೆಯಿಂದ ಮೂರು ಹೊಲ ಆಚೆ ಹಂದಿ ಬದು ದಾಟುವುದು ಕಾಣುತ್ತೆ, ಅಮಾಸೆ ಎಡಬಲದಲ್ಲಿ ಅದೂ ನಡೆಯಲ್ಲ. ಕಂಡ ಕೂಡಲೆ ತಮಟೆ, ಟಾರ್ಚು. ಹೊಲಕ್ಕೆ ನುಗ್ಗುವ ಮುಂಚೆಯೇ ಸದ್ದು ಮಾಡಿದರೆ ಹಂದಿ ಬಂದ ದಾರಿಗೇ ವಾಪಸಾಗುತ್ತೆ. ಒಮ್ಮೆ ಕಡ್ಲೆಕಾಯಿ ರುಚಿ ಹತ್ತಿದ ಮೇಲೆ ತಮಟೆಗೂ ಜಗ್ಗಲ್ಲ.

ಮಳೆಗಾಲದಲ್ಲಿ ದುರ್ಬೀನನ್ನು ಚರ್ಮದ ಚೀಲದಲ್ಲಿ ಮುಚ್ಚಿ ಇಡಬೇಡಿ, ಗಾಜಿನೊಳಗೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಹರಡುತ್ತೆ. ಔಷಧಿ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಹರಳಿನ ಪೊಟ್ಟಣ, ಅದನ್ನು ನಾಲ್ಕು ಸೇರಿಸಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಗಾಜಿನ ಮೇಲೆ ಮಣ್ಣು ಕೂತರೆ ಪಂಚೆ ತುದಿಯಿಂದ ಉಜ್ಜಬೇಡಿ. ಮೊದಲು ಊದಿ, ಮೆತ್ತನೆ ಕುಂಚದಿಂದ ಮರಳು ಝಾಡಿಸಿ, ಆಮೇಲೆ ಹಳೇ ಹತ್ತಿ ಬಟ್ಟೆಯಿಂದ ಹಗುರವಾಗಿ ಒರೆಸಿ. ಲೇಪ ಒಮ್ಮೆ ಗೀಚಿ ಹೋದರೆ ಮತ್ತೆ ಹಾಕುವವರು ಸಿಗಲ್ಲ.