ಬಲಿಯೂ ಪುನರುತ್ಥಾನವೂ: ಕ್ರೈಸ್ತ ವಿಶ್ವಾಸದ ಒಳಾರ್ಥ

ದಾವಣಗೆರೆ: 'ಬಲಿ' ಎಂಬ ಪದ ಈ ನಗರಕ್ಕೆ ಅಪರಿಚಿತವಲ್ಲ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಸಮೀಪಿಸಿದಾಗಲೆಲ್ಲ ಪ್ರಾಣಿಬಲಿಯ ಚರ್ಚೆ, ಅದರೊಂದಿಗೆ 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆಯ ಪ್ರಸ್ತಾಪ ಮರುಕಳಿಸುತ್ತದೆ. ರಸ್ತೆ ಅಪಘಾತದ ಸುದ್ದಿಗೂ ಪತ್ರಿಕೆಗಳು ಇದೇ ಪದವನ್ನು ಶೀರ್ಷಿಕೆಯಲ್ಲಿ ಬಳಸುತ್ತವೆ. ಇದೇ ಊರಿನ ಕ್ಯಾಥೊಲಿಕ್ ಕ್ರೈಸ್ತರು ಪ್ರತಿ ಭಾನುವಾರ ಅರ್ಪಿಸುವ ಆರಾಧನೆಯ ಹೆಸರೂ 'ಬಲಿಪೂಜೆ'. ಅಲ್ಲಿ ಪ್ರಾಣಿಯಿಲ್ಲ, ರಕ್ತವಿಲ್ಲ; ಪೀಠದ ಮೇಲಿರುವುದು ರೊಟ್ಟಿ ಮತ್ತು ದ್ರಾಕ್ಷಾರಸ. ಹಾಗಾದರೆ ಅಲ್ಲಿ ಬಲಿ ಎಂದರೇನು?

ಈ ಪ್ರಶ್ನೆಗೆ ಉತ್ತರ ಯೆಹೂದ್ಯ ಪರಂಪರೆಯಲ್ಲಿದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ನೆನಪಿಗೆ ಯೆಹೂದ್ಯರು ಪಾಸ್ಕ ಹಬ್ಬದಲ್ಲಿ ಕುರಿಮರಿಯನ್ನು ಅರ್ಪಿಸುತ್ತಿದ್ದರು. ರೋಮನ್ನರು ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವನ್ನು ನಾಶಪಡಿಸಿದ ನಂತರ ಅಲ್ಲಿನ ಬಲಿಗಳು ನಿಂತುಹೋದವು. ಯೇಸುವನ್ನು ಶಿಲುಬೆಗೇರಿಸಿದ್ದು ಅದಕ್ಕೂ ಸುಮಾರು ನಾಲ್ಕು ದಶಕಗಳ ಮೊದಲು, ಅದೇ ಪಾಸ್ಕ ಹಬ್ಬದ ಸಮಯದಲ್ಲಿ. ಆದ್ದರಿಂದಲೇ ಆರಂಭದ ಕ್ರೈಸ್ತರು ಆತನನ್ನು 'ದೇವರ ಕುರಿಮರಿ' ಎಂದು ಕರೆದರು.

ಕೊಡುವವನೇ ಬಲಿ

ಸಾಮಾನ್ಯ ಬಲಿಯಲ್ಲಿ ಮನುಷ್ಯ ಕೊಡುತ್ತಾನೆ, ದೈವ ಸ್ವೀಕರಿಸುತ್ತದೆ. ಕ್ರೈಸ್ತ ವಿಶ್ವಾಸ ಈ ದಿಕ್ಕನ್ನೇ ತಿರುಗಿಸುತ್ತದೆ. ಇಲ್ಲಿ ದೇವರೇ ಮನುಷ್ಯನಾಗಿ ಬಂದು ತನ್ನನ್ನು ಕೊಟ್ಟುಕೊಳ್ಳುತ್ತಾನೆ. ಅರ್ಪಿಸುವವನೂ ಅರ್ಪಿತವಾಗುವವನೂ ಒಬ್ಬನೇ. ಈ ಬಲಿ ಒಂದೇ ಸಲ ನಡೆದದ್ದು, ಮತ್ತೊಂದು ಬಲಿ ಬೇಕಿಲ್ಲ ಎಂಬುದು ಎಲ್ಲ ಪಂಗಡಗಳೂ ಒಪ್ಪುವ ಮಾತು. ಕ್ಯಾಥೊಲಿಕರ ಪ್ರಕಾರ ಬಲಿಪೂಜೆಯಲ್ಲಿ ಅದೇ ಬಲಿ ಭಕ್ತರ ಎದುರು ಪ್ರತ್ಯಕ್ಷವಾಗುತ್ತದೆಯೇ ಹೊರತು ಪುನರಾವರ್ತನೆಯಾಗುವುದಿಲ್ಲ. ಪ್ರೊಟೆಸ್ಟಂಟ್ ಸಭೆಗಳಾದರೋ ಈ ಆಚರಣೆಗೆ ಬಲಿಯೆಂಬ ಪದವನ್ನು ಬಳಸದೆ 'ಕರ್ತನ ಭೋಜನ' ಎನ್ನುತ್ತವೆ.

ಒಬ್ಬನ ಮರಣದಿಂದ ಇತರರ ಪಾಪ ಪರಿಹಾರವಾಗುವುದು ಹೇಗೆ? ದಾಸ್ಯದಿಂದ ಬಿಡಿಸಲು ತೆತ್ತ ಬೆಲೆ ಎಂದವರಿದ್ದಾರೆ, ಸಾಲ ತೀರಿಸಿದಂತೆ ಎಂದವರಿದ್ದಾರೆ, ಪ್ರೀತಿಯ ಪರಾಕಾಷ್ಠೆ ಎಂದವರೂ ಇದ್ದಾರೆ. ಕ್ರೈಸ್ತರು ಪಠಿಸುವ ವಿಶ್ವಾಸ ಪ್ರಮಾಣವು ಇವುಗಳಲ್ಲಿ ಯಾವುದೊಂದನ್ನೂ ಕಡ್ಡಾಯಗೊಳಿಸಿಲ್ಲ.

ಶಿಲುಬೆಯ ಬಳಿ ನಿಂತ ತಾಯಿ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿರುವ ಆರೋಗ್ಯ ಮಾತೆಯ ದೇವಾಲಯಕ್ಕೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಬೆಸಿಲಿಕಾ ಪದವಿ ನೀಡಿದರು. ಸೆಪ್ಟೆಂಬರ್ 8ರ ಮಾತೆಯ ಜನ್ಮದಿನದ ಉತ್ಸವಕ್ಕೆ ಅನ್ಯಧರ್ಮೀಯರೂ ಹರಕೆ ಹೊತ್ತು ಬರುತ್ತಾರೆ. ಬಹುತೇಕ ಶಿಷ್ಯರು ಚದುರಿಹೋಗಿದ್ದಾಗ ಶಿಲುಬೆಯ ಬಳಿ ನಿಂತಿದ್ದ ಕೆಲವೇ ಜನರಲ್ಲಿ ಈ ತಾಯಿಯೂ ಒಬ್ಬಳೆಂದು ಯೊವಾನ್ನನ ಸುವಾರ್ತೆ ತಿಳಿಸುತ್ತದೆ. ಮಗನ ಮರಣವನ್ನು ಕಣ್ಣಾರೆ ಕಂಡ ತಾಯಿಯ ಬಳಿ ರೋಗಿಗಳೂ ನೊಂದವರೂ ಬರುವುದರಲ್ಲಿ ಆಶ್ಚರ್ಯವಿಲ್ಲ.

ಆಕೆ ನಿಂತ ಆ ದಿನದ ನೆನಪೇ ಶುಭ ಶುಕ್ರವಾರ. ಬಲಿಯ ಸ್ಮರಣೆಯ ಅದೇ ದಿನ ಕ್ಯಾಥೊಲಿಕ್ ದೇವಾಲಯಗಳಲ್ಲಿ ಬಲಿಪೂಜೆ ಇರುವುದಿಲ್ಲ! ಪೀಠದ ಮೇಲೆ ವಸ್ತ್ರವಿಲ್ಲ, ಗಂಟೆಗಳು ಮೌನ. ಶಿಲುಬೆಯ ಆರಾಧನೆಯ ನಂತರ ಭಕ್ತರು ಸ್ವೀಕರಿಸುವುದು ಹಿಂದಿನ ದಿನವೇ ಪವಿತ್ರೀಕರಿಸಿಟ್ಟ ಪ್ರಸಾದವನ್ನು. ಶನಿವಾರ ರಾತ್ರಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿದ ಮೇಲೆಯೇ ಈಸ್ಟರ್ ಆರಂಭವಾಗುತ್ತದೆ.

ಪುನರ್ಜನ್ಮವಲ್ಲ, ಪುನರುತ್ಥಾನ

ಪುನರುತ್ಥಾನವನ್ನು ಪುನರ್ಜನ್ಮವೆಂದು ತಿಳಿಯುವವರುಂಟು. ಎರಡೂ ಬೇರೆ. ಪುನರ್ಜನ್ಮದಲ್ಲಿ ಆತ್ಮ ಮತ್ತೊಂದು ದೇಹವನ್ನು ಧರಿಸುತ್ತದೆ. ಪುನರುತ್ಥಾನದಲ್ಲಿ ಅದೇ ವ್ಯಕ್ತಿ, ಅದೇ ದೇಹ, ಇನ್ನು ಸಾವಿಲ್ಲದ ಸ್ಥಿತಿಗೆ ಏರುತ್ತದೆ. ಸತ್ತವನು ಬದುಕಿ ಬಂದು ಮುಂದೊಂದು ದಿನ ಮತ್ತೆ ಸಾಯುವುದೂ ಪುನರುತ್ಥಾನವಲ್ಲ. ಯೇಸು ಬದುಕಿಸಿದ ಲಾಜರನದು ಅಂತಹ ಮರುಜೀವ ಮಾತ್ರ.

ಈ ಸುದ್ದಿಯನ್ನು ಮೊದಲು ನಂಬದವರು ಶಿಷ್ಯರೇ. ದಾವಣಗೆರೆಯ ಪಿ.ಜೆ. ಬಡಾವಣೆಯ ಚರ್ಚ್ ಯಾರ ಹೆಸರಿನಲ್ಲಿದೆಯೋ ಆ ಸಂತ ಥಾಮಸ್, ಗಾಯಗಳನ್ನು ಮುಟ್ಟಿ ನೋಡದ ಹೊರತು ನಂಬುವುದಿಲ್ಲವೆಂದು ಹಟ ಹಿಡಿದ. ಎಂಟು ದಿನಗಳ ನಂತರ ಯೇಸು ಅವನಿಗೆ ತೋರಿಸಿದ್ದು ಕೈಗಳ ಮತ್ತು ಪಕ್ಕೆಯ ಗಾಯಗಳನ್ನೇ. ಎದ್ದು ಬಂದ ದೇಹದಲ್ಲಿಯೂ ಗಾಯದ ಗುರುತುಗಳು ಅಳಿದಿರಲಿಲ್ಲ.

ಕ್ರೈಸ್ತ ವಿಶ್ವಾಸದ ತಿರುಳು ಇರುವುದು ಇಲ್ಲಿಯೇ. ಪುನರುತ್ಥಾನವಿಲ್ಲದಿದ್ದರೆ ಶಿಲುಬೆಯ ಮರಣ ರೋಮನ್ ಆಡಳಿತ ವಿಧಿಸಿದ ಅನೇಕ ಮರಣದಂಡನೆಗಳಲ್ಲಿ ಒಂದಾಗಿ ಮರೆತುಹೋಗುತ್ತಿತ್ತು. ಬಲಿಯಿಲ್ಲದಿದ್ದರೆ ಪುನರುತ್ಥಾನ ಕೇವಲ ಪವಾಡವಾಗಿ ಉಳಿಯುತ್ತಿತ್ತು. ಪುನರುತ್ಥಾನ ನೋವನ್ನು ಅಳಿಸಿಹಾಕುವುದಿಲ್ಲ. ನೋವಿನದೇ ಕೊನೆಯ ಮಾತಲ್ಲ ಎನ್ನುತ್ತದೆ.

ಈಸ್ಟರ್ ರಾತ್ರಿ ಬೆಳಗಿಸುವ ದೊಡ್ಡ ಮೇಣದಬತ್ತಿಯಲ್ಲಿ ಆ ವರ್ಷದ ಅಂಕಿಗಳೊಂದಿಗೆ ಐದು ಗಾಯಗಳ ಸಂಕೇತವಾಗಿ ಧೂಪದ ಐದು ಹರಳುಗಳನ್ನು ಇಡುವ ಪದ್ಧತಿಯಿದೆ. ವರ್ಷದುದ್ದಕ್ಕೂ ಮಗುವಿನ ದೀಕ್ಷಾಸ್ನಾನಕ್ಕೆ ಉರಿಯುವುದು ಅದೇ ಬತ್ತಿ. ಮನೆಯವರೊಬ್ಬರನ್ನು ಕಳೆದುಕೊಂಡ ಕುಟುಂಬ ಅಂತಿಮ ಪ್ರಾರ್ಥನೆಗೆ ಚರ್ಚಿಗೆ ಬಂದಾಗ ಶವಪೆಟ್ಟಿಗೆಯ ಪಕ್ಕದಲ್ಲಿ ಬೆಳಗುವುದೂ ಅದೇ.