ಊರಲ್ಲಿರುವ ಅಪ್ಪ-ಅಮ್ಮನ ಫೋನ್ ಬ್ಯಾಟರಿಯನ್ನು ದೂರದಿಂದಲೇ ನೋಡಬಹುದೇ? ಆ ಅಂಕಿಯನ್ನು ಎಷ್ಟು ನಂಬಬಹುದು?

ಊರಲ್ಲಿರುವ ತಂದೆ-ತಾಯಿಯ ಫೋನ್‌ನಲ್ಲಿ ಎಷ್ಟು ಚಾರ್ಜ್ ಇದೆ ಎಂದು ಬೆಂಗಳೂರಿನಲ್ಲೇ ಕುಳಿತು ನೋಡಬಹುದು, ಸ್ಮಾರ್ಟ್ ಪ್ಲಗ್ ಹಾಕಿಸಿದರೆ ಚಾರ್ಜಿಂಗ್ ಕೂಡ ತಾನಾಗಿಯೇ ಆಗುತ್ತದೆ ಎಂಬ ಧಾಟಿಯ ಸಂದೇಶಗಳು ನಿಮಗೂ ಬಂದಿರಬಹುದು. ಇದು ನಿಜವೇ?

ನಿಜ. ಆದರೆ ಪೂರ್ತಿ ನಿಜವಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ?

ಬ್ಯಾಟರಿಯೊಳಗೆ ಹೋಗುವ ಮತ್ತು ಹೊರಬರುವ ವಿದ್ಯುತ್ತನ್ನು ಫೋನ್‌ನಲ್ಲಿರುವ ಚಿಪ್ ಲೆಕ್ಕ ಹಾಕುತ್ತಿರುತ್ತದೆ. ಪರದೆಯ ಮೇಲೆ ಕಾಣುವ ಶೇಕಡಾವಾರು ಅಂಕಿ ಆ ಲೆಕ್ಕದ ಅಂದಾಜು. ಹೋಮ್ ಅಸಿಸ್ಟೆಂಟ್‌ನಂಥ ಮನೆ ನಿಯಂತ್ರಣ ವ್ಯವಸ್ಥೆಯ ಆಪ್ ಇದೇ ಅಂಕಿಯನ್ನು ಇಂಟರ್ನೆಟ್ ಮೂಲಕ ಕಳಿಸುತ್ತದೆ. ಚಾರ್ಜ್ 30ಕ್ಕೆ ಇಳಿದರೆ ಪ್ಲಗ್ ಆನ್, 80ಕ್ಕೆ ಏರಿದರೆ ಆಫ್ ಎಂದು ನಿಯಮ ಬರೆಯಬಹುದು.

ಎಡವಟ್ಟಾಗುವುದು ಎಲ್ಲಿ?

ಅಜ್ಜಂಪುರದ ಸುತ್ತಲಿನ ಹಳ್ಳಿಯೊಂದರ ಮನೆಯನ್ನೇ ಊಹಿಸಿಕೊಳ್ಳಿ. ಮಳೆಗಾಲದ ಸಂಜೆ ಕರೆಂಟ್ ಹೋಗುತ್ತದೆ. ಅದರೊಂದಿಗೆ ವೈಫೈ ರೂಟರ್ ಮತ್ತು ಸ್ಮಾರ್ಟ್ ಪ್ಲಗ್ ಎರಡೂ ನಿಲ್ಲುತ್ತವೆ. ಮೊಬೈಲ್ ಡೇಟಾ ಆಫ್ ಆಗಿದ್ದರೆ ಫೋನ್‌ನಿಂದ ಹೊಸ ಮಾಹಿತಿ ಬರುವುದಿಲ್ಲ. ಆಗಲೂ ಮಗಳ ಪರದೆ ಖಾಲಿಯಾಗುವುದಿಲ್ಲ, ಕೊನೆಯ ಬಾರಿ ಬಂದ ಅಂಕಿಯನ್ನೇ ತೋರಿಸುತ್ತಿರುತ್ತದೆ. ಅಲ್ಲಿ 62 ಎಂದಿದ್ದರೂ ಅಮ್ಮನ ಫೋನ್ ಆಗಲೇ ಸ್ವಿಚ್ ಆಫ್ ಆಗಿರಬಹುದು.

ಫೋನ್ ಸ್ವಿಚ್ ಆಫ್ ಆದರೆ 30ಕ್ಕೆ ಇಳಿದ ಸುದ್ದಿ ವ್ಯವಸ್ಥೆಗೆ ತಲುಪುವುದೇ ಇಲ್ಲ. ಹಾಗಾಗಿ ಕರೆಂಟ್ ಬಂದ ಮೇಲೂ ಪ್ಲಗ್ ಆಫ್ ಆಗಿಯೇ ಉಳಿಯಬಹುದು. ರಾತ್ರಿ ಎದೆನೋವು ಬಂದರೆ 108ಕ್ಕೆ ಕರೆ ಮಾಡಬೇಕಾದ ಫೋನ್ ಅದೇ ಎಂಬುದನ್ನು ಮರೆಯಬಾರದು.

ಏನು ಮಾಡಬೇಕು?

• ಅಂಕಿಯ ಜೊತೆಗೆ ಅದು ಬಂದ ಸಮಯವನ್ನೂ ನೋಡಿ. ಒಂದು ಗಂಟೆಯಿಂದ ಹೊಸ ಮಾಹಿತಿ ಬಾರದಿದ್ದರೆ ಎಚ್ಚರಿಕೆ ಬರುವಂತೆ ನಿಯಮ ಬರೆಯಿರಿ.
• ಕರೆಂಟ್ ಬಂದ ಕೂಡಲೇ ಪ್ಲಗ್ ತಾನಾಗಿ ಆನ್ ಆಗುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.
• ಬ್ಯಾಟರಿ ತುಂಬಿದ ಮೇಲೆ ಚಾರ್ಜಿಂಗ್ ನಿಲ್ಲಿಸುವ ಸರ್ಕ್ಯೂಟ್ ಫೋನ್‌ನಲ್ಲೇ ಇದೆ. ಸುಮಾರು 80ಕ್ಕೆ ನಿಲ್ಲಿಸಿದರೆ ಬ್ಯಾಟರಿಯ ಆಯಸ್ಸು ಹೆಚ್ಚುವುದು ನಿಜ, ಆದರೆ ಈ ಆಯ್ಕೆ ಈಗ ಹಲವು ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಅದಕ್ಕಾಗಿ ಪ್ಲಗ್ ಕೊಳ್ಳಬೇಕಿಲ್ಲ.
• ಬರೀ ಚಾರ್ಜ್ ನೋಡುವುದಷ್ಟೇ ಬೇಕಿದ್ದರೆ ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್ ಸಾಕು. ಮನೆಯವರ ಒಪ್ಪಿಗೆ ಪಡೆದು ಬಳಸಿ. ಅಲ್ಲಿಯೂ ಮಾಹಿತಿ ಯಾವಾಗಿನದು ಎಂದು ನೋಡಿ.

ಫಾರ್ವರ್ಡ್ ಮಾಡುವ ಮುನ್ನ

ಆಂಡ್ರಾಯ್ಡ್‌ನಲ್ಲಿ ಬ್ಯಾಟರಿಯ ಅಂಕಿ ಓದಲು ಆಪ್‌ಗೆ ಯಾವ ವಿಶೇಷ ಅನುಮತಿಯೂ ಬೇಕಿಲ್ಲ. ಬರೀ ಬ್ಯಾಟರಿ ತೋರಿಸುವ ಆಪ್ ಎಸ್‌ಎಂಎಸ್, ಕಾಂಟ್ಯಾಕ್ಟ್ಸ್ ಅಥವಾ ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಅನುಮಾನಿಸಿ. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲೇ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲನ್ನು ಇನ್‌ಸ್ಟಾಲ್ ಮಾಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, ದೂರದಿಂದ ಬ್ಯಾಟರಿ ನೋಡಬಹುದು ಎಂಬುದು ನಿಜ. ಆದರೆ ನೀವು ನೋಡುತ್ತಿರುವುದು ಕೊನೆಯದಾಗಿ ಬಂದ ಸುದ್ದಿಯನ್ನು ಮಾತ್ರ. ಅದು ಹಳೆಯದಾಗಿದ್ದರೆ ಒಮ್ಮೆ ಕರೆ ಮಾಡಿ, ಫೋನ್ ಹೋಗದಿದ್ದರೆ ಪಕ್ಕದ ಮನೆಯವರಿಗೆ ಮಾಡಿ. ಅವರ ನಂಬರ್ ಇವತ್ತೇ ಸೇವ್ ಮಾಡಿಟ್ಟುಕೊಳ್ಳಿ.