ಅರವತ್ತಮೂರು ವರ್ಷದ ಕೂಲಿ

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ಉದ್ಯೋಗ ಖಾತ್ರಿ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ನೂರಕ್ಕೆ ನೂರು ದಿನ ಕೆಲಸ ಸಿಕ್ಕಿದ್ದರೂ ವರ್ಷಕ್ಕೆ 37,000. ಅದೇ ಊರಿನ ಹುಡುಗ ನಾಲ್ಕು ವರ್ಷಕ್ಕೆ ಸೇನೆ ಸೇರಿ ಅಗ್ನಿವೀರನಾದರೆ ಮೊದಲ ವರ್ಷ ತಿಂಗಳಿಗೆ 30,000. ಕಡಿತ ಕಳೆದು ನಾಲ್ಕು ವರ್ಷದಲ್ಲಿ ಕೈಗೆ ಬರುವುದು ಸುಮಾರು 11.7 ಲಕ್ಷ, ಬಿಟ್ಟು ಬರುವಾಗ ಸೇವಾನಿಧಿಯೆಂದು ಹೆಚ್ಚುಕಡಿಮೆ ಮತ್ತಷ್ಟೇ. ಎರಡೂ ಕೂಡಿದರೆ 23 ಲಕ್ಷ ದಾಟುತ್ತದೆ. ಆ ಖಾತ್ರಿ ಕೂಲಿಯಲ್ಲಿ ಇಷ್ಟು ಗಳಿಸಲು 63 ವರ್ಷ ಬೇಕು!

ನಾಲ್ಕರಲ್ಲಿ ಮೂವರು ನಾಲ್ಕೇ ವರ್ಷಕ್ಕೆ ಮನೆಗೆ ಮರಳಬೇಕೆಂದು ಗೊತ್ತಿದ್ದೂ ಹುಡುಗರು ಮುಗಿಬೀಳುವುದು ಇದಕ್ಕೇ. 2022ರಲ್ಲಿ ವಾಯುಪಡೆಯ ಸುಮಾರು 3,000 ಅಗ್ನಿವೀರ ಹುದ್ದೆಗಳಿಗೆ ದೇಶದಲ್ಲಿ ಬಂದ ಅರ್ಜಿ 7,49,899. ಒಂದು ಹುದ್ದೆಗೆ 250 ಮಂದಿ.

ಹಾಗಾದರೆ ಬಡವರ ಸೀಮೆಯಿಂದಲೇ ಸೈನಿಕರು ಹೆಚ್ಚೆ? ಕಾಫಿ ಬೆಳೆಯುವ ಕೊಡಗು ಬಡ ಜಿಲ್ಲೆಯಲ್ಲ. ಜನಸಂಖ್ಯೆ 2011ರಲ್ಲಿ ಐದೂವರೆ ಲಕ್ಷ. ಆದರೂ ಭೂಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಅಲ್ಲಿಯವರು. ಕಲಬುರಗಿ ಜಿಲ್ಲೆಯ ಜನ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು. ತಲಾ ಆದಾಯದಲ್ಲಿ ರಾಜ್ಯದ ಕೊನೆಯ ಸಾಲು. ಬಡತನ ಹುಡುಗನನ್ನು ಸೇನೆಯ ಬಾಗಿಲತನಕ ನೂಕುತ್ತದೆ ನಿಜ, ಆದರೆ ಬಾಗಿಲಲ್ಲೇ ತಡೆಯುವುದೂ ಅದೇ.

ಭೂಸೇನೆಯ ಜನರಲ್ ಡ್ಯೂಟಿಗೆ ಹತ್ತನೇ ತರಗತಿಯಲ್ಲಿ ಶೇ 45 ಅಂಕ ಬೇಕು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, ಪಾಸಾದವರು ಶೇ 42.43. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಸಲ ಅಲ್ಲೇ ದಾರಿ ಮುಚ್ಚಿತು. ಉಳಿದವರು 1,600 ಮೀಟರ್ ಓಡಬೇಕು, ಪೂರ್ತಿ ಅಂಕಕ್ಕೆ ಐದೂವರೆ ನಿಮಿಷದೊಳಗೆ. ಪೂರ್ತಿ ಅಂಕಕ್ಕೇ ಬೀಮ್ ಹಿಡಿದು ಹತ್ತು ಸಲ ಮೇಲೇರಬೇಕು, ಒಂಬತ್ತು ಅಡಿ ಕಂದಕ ಜಿಗಿಯಬೇಕು. ನಸುಕಿನಲ್ಲಿ ತೊಗರಿ ಹೊಲದ ಪಕ್ಕದ ಡಾಂಬರು ರಸ್ತೆಯಲ್ಲಿ ಓಡಿ ಇವನ್ನೆಲ್ಲ ಗೆಲ್ಲಬಹುದು. ಎತ್ತರವನ್ನು? 166 ಸೆಂಟಿಮೀಟರ್ ಇರಲೇಬೇಕು. ಐದು ವರ್ಷದೊಳಗೆ ಹೊಟ್ಟೆಗೆ ಸಾಲದೆ ಬೆಳವಣಿಗೆ ಕುಂಠಿತವಾದರೆ ಹದಿನೆಂಟರಲ್ಲಿ ಎಷ್ಟು ಓಡಿದರೂ ಅದು ತುಂಬಿಬರುವುದು ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019-21) ರಾಜ್ಯದಲ್ಲಿ ಇಂಥ ಮಕ್ಕಳು ಶೇ 35. ಕಲಬುರಗಿ, ಯಾದಗಿರಿಗಳಲ್ಲಿ ಇನ್ನೂ ಹೆಚ್ಚು.

ಎಂದರೆ ಈ ಭರ್ತಿಯ ಫಲಿತಾಂಶ ಹದಿಮೂರು ವರ್ಷ ಮೊದಲೇ ಅಂಗನವಾಡಿಯಲ್ಲಿ ಬರೆದಾಗಿರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ರೂಪಾಯಿ ಅನುದಾನವಿದೆ. ಅದರಲ್ಲಿ ಮೊದಲ ಪಾಲು ಮೂರು ವರ್ಷದ ಮಕ್ಕಳ ತಟ್ಟೆಗೆ, ಎರಡನೆಯದು ಹತ್ತನೇ ತರಗತಿಯ ಗಣಿತ ಮೇಷ್ಟ್ರಿಗೆ ಸಲ್ಲಲಿ.